ದೆವ್ವದ ತಿಂಡಿಗೆ ಬೇಕರಿಯ ಬಣ್ಣವೇ ಬೇಕೆ?

ಕೊಳೆರೋಗದ ಎರಡನೆಯ ಸಿಂಪರಣೆ, ಕಾಂಡಕೊರಕದ ಹಾವಳಿ, ಗೊಬ್ಬರದ ಬೆಲೆ - ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಚರ್ಚಿಸುವುದು ಇಂತಹ ಸಂಗತಿಗಳನ್ನು. ಈ ಸಲ ದೆವ್ವದ ತಿಂಡಿಯ ವಿಷಯ ಎತ್ತಿಕೊಂಡರೆ ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಆದರೆ ಕಳೆದ ವರ್ಷದ ಕುಟುಂಬ ಸಮ್ಮಿಲನಕ್ಕೆ ಬಂದವರಿಗೆ ಕಾರಣ ಗೊತ್ತೇ ಇದೆ.

ದೀಪಾವಳಿಯ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ನಮ್ಮ ಮೊಮ್ಮಕ್ಕಳು, ಅಲ್ಲಿನ ವಸತಿ ಸಮುಚ್ಚಯಗಳಲ್ಲಿ ಅಕ್ಟೋಬರ್ 31ರಂದು ನಡೆಯುವ ಹ್ಯಾಲೋವೀನ್‌ನಂತೆ ಇಲ್ಲಿಯೂ ಹೆದರಿಸುವ ತಿಂಡಿ ಬೇಕೆಂದು ಹಟ ಹಿಡಿದರು. ನಾವು ಮಣಿದು ಪೇಟೆಯ ಬೇಕರಿಯೊಂದರಿಂದ ತಲೆಬುರುಡೆಯ ಆಕಾರದ, ಕಪ್ಪು ಕ್ರೀಮಿನ ಕೇಕು ತರಿಸಿದೆವು. ಮಕ್ಕಳ ನಾಲಗೆ, ಹಲ್ಲು, ಹೊಸ ಅಂಗಿ ಎಲ್ಲವೂ ಮಸಿ ಬಳಿದಂತಾದವು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಹಬ್ಬದ ಹೊತ್ತಿನಲ್ಲಿ ಮಕ್ಕಳಿಗೆ ಬುರುಡೆ ತಿನ್ನಿಸುವುದು ಯಾವ ಸಂಪ್ರದಾಯ ಎಂದು ಕೇಳಿಯೇಬಿಟ್ಟರು. ಅಂದಿನಿಂದ ನಮ್ಮಲ್ಲಿ ಎರಡು ಪಕ್ಷ. ಈ ವರ್ಷವೂ ಕೇಕು ಇರಲಿ ಎನ್ನುವವರು ಕೆಲವರು, ಆ ಆಟವೇ ಬೇಡ ಎನ್ನುವವರು ಕೆಲವರು. ಎರಡೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಆಟ ಇರಲಿ, ಕೇಕು ಹೋಗಲಿ, ತಿಂಡಿಯನ್ನು ಮಕ್ಕಳೇ ನಮ್ಮ ತೋಟದ, ನಮ್ಮ ಅಡಿಗೆಮನೆಯ ಸಾಮಾನಿನಿಂದ ಮಾಡಲಿ.

ಹಿರಿಯರ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಒಂದು ಮಾತು ಕೇಳಬೇಕು. ಹೊಸ ಮನೆ ಕಟ್ಟಿದಾಗ ಬೂದುಗುಂಬಳಕ್ಕೆ ಕೋರೆಹಲ್ಲು, ಕೆಂಗಣ್ಣು ಬರೆದು ಬಾಗಿಲ ಮುಂದೆ ತೂಗಿಬಿಡುವವರು ನಾವೇ ಅಲ್ಲವೆ? ಐರ್ಲೆಂಡ್, ಸ್ಕಾಟ್ಲೆಂಡಿನ ರೈತರು ಚಳಿಗಾಲದ ಬಾಗಿಲಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು, ವಿಕಾರ ಮುಖ ಮಾಡಿ, ಒಳಗೆ ದೀಪ ಇಡುತ್ತಿದ್ದರು. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ದೊಡ್ಡ ಕುಂಬಳ ಸಿಕ್ಕಿತು, ಕೊರೆಯುವುದೂ ಸುಲಭವಾಯಿತು. ಸುಗ್ಗಿ ಮುಗಿದ ರೈತನ ಮನೆಯ ಆಟವದು. ಮಲೆನಾಡಿನ ಬೂರೆ ರಾತ್ರಿ ನೆರೆಯವರ ಹಿತ್ತಲಿನ ಸೌತೆಕಾಯಿ ಹಾರಿಸಿದ ನಮ್ಮ ಹಿರಿಯರು ಹ್ಯಾಲೋವೀನ್ ಮಕ್ಕಳ ಮೇಲೆ ಸಿಟ್ಟಾಗುವುದು ಸ್ವಲ್ಪ ಕಷ್ಟ!

ಒಂದು ಗೆರೆಯನ್ನು ಮಾತ್ರ ದಾಟಬಾರದು. ತುಳುನಾಡಿನ ದೈವಗಳ ಮುಖವರ್ಣಿಕೆಯನ್ನು ಬಿಸ್ಕತ್ತಿನ ಮೇಲೆ ಬಿಡಿಸುವುದು ನಮಗೆ ಒಪ್ಪಿಗೆಯಿಲ್ಲ. ಅದು ಜನರು ಕೈಮುಗಿಯುವ ಮುಖ. ಹೆಸರಿಲ್ಲದ ದೆವ್ವಗಳು ಬೇಕಾದಷ್ಟಿವೆ.

ನಮಗೆ ಈ ವಿಷಯ ಮುಖ್ಯವೆನಿಸಲು ಇನ್ನೊಂದು ಕಾರಣವಿದೆ. ನಾವು ಚಿಕ್ಕವರಿದ್ದಾಗ ದೆವ್ವದ ಕಥೆ ಕೇಳಿದ್ದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತವರಲ್ಲಿ ಒಬ್ಬರಾದರೂ ಸಂಕದ ಹತ್ತಿರ ಬಿಳಿ ಸೀರೆಯವಳನ್ನು ಕಂಡವರು ಇದ್ದೇ ಇರುತ್ತಿದ್ದರು. ಹೆದರಿಕೆಯಾದರೆ ಪಕ್ಕದಲ್ಲಿ ಅಜ್ಜಿಯ ಮಡಿಲು, ಕೈಯಲ್ಲಿ ಅವಲಕ್ಕಿ. ಈಗ ಅನೇಕ ಮನೆಗಳಲ್ಲಿ ಯಂತ್ರವೇ ಅಡಿಕೆ ಸುಲಿಯುತ್ತದೆ. ಅದು ಬೇಡವೆಂದು ನಾವು ಹೇಳುತ್ತಿಲ್ಲ. ಆಳು ಸಿಗದ ಕಾಲದಲ್ಲಿ ಅದು ನಮ್ಮನ್ನು ಉಳಿಸಿದೆ. ಆದರೆ ಅಜ್ಜಿಯೂ ಮೊಮ್ಮಗನೂ ಒಂದೇ ಚಾಪೆಯ ಮೇಲೆ ಕೈಗೆಲಸ ಮಾಡುತ್ತ ಕುಳಿತುಕೊಳ್ಳಲು ಇದ್ದ ನೆಪ ಅದರೊಂದಿಗೆ ಹೋಯಿತು. ಆಸೆಪಟ್ಟು ಊರಿಗೆ ಕರೆಸಿಕೊಂಡ ಮಕ್ಕಳು ಮೂರು ದಿನ ಮೊಬೈಲು ನೋಡಿ ಬಸ್ಸು ಹತ್ತುತ್ತಾರೆ. ಕೇಕನ್ನು ಕತ್ತರಿಸಿ ಹಂಚಲು ಹತ್ತು ನಿಮಿಷ ಸಾಕು. ದೆವ್ವದ ಬೆರಳು ಹೊಸೆಯಲು ಒಂದು ಸಂಜೆ ಬೇಕು, ಅಜ್ಜಿಯ ಕೈಯೂ ಬೇಕು.

ಬಣ್ಣದ ಮಾತಿಗೆ ಬರೋಣ. ಆ ಕೇಕಿನಲ್ಲಿ ಏನಿತ್ತೆಂದು ನಾವು ಪರೀಕ್ಷೆ ಮಾಡಿಸಿಲ್ಲ. ಅನುಮತಿ ಇರುವ ಬಣ್ಣವೇ ಇದ್ದಿರಬಹುದು. ಆದರೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಸುವುದನ್ನೂ ನಿಷೇಧಿಸಬೇಕಾಗಿ ಬಂದದ್ದನ್ನು ಮರೆಯುವಂತಿಲ್ಲ. ರೋಡಮೈನ್ ಬಟ್ಟೆಗೆ ಹಾಕುವ ಬಣ್ಣ. ಪಾನಕದಿಂದ ಹೊಗೆ ಬರಿಸುವ ಒಣ ಮಂಜುಗಡ್ಡೆಯಂತೂ ಖಂಡಿತ ಬೇಡ. ಅದೇ ತಿಂಗಳು ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರ ಅದನ್ನು ಬಾಯಿಗೆ ಹಾಕಿಕೊಂಡವರು ರಕ್ತ ವಾಂತಿ ಮಾಡಿ ಆಸ್ಪತ್ರೆ ಸೇರಿದರು.

ಬೆಳೆಗಾರರ ಮನೆಗೆ ಇದಕ್ಕಿಂತ ಹತ್ತಿರದ ಅಪಾಯವೂ ಉಂಟು. ನೀಲಿ ಬಣ್ಣ ಹುಡುಕುವ ಮಗುವಿಗೆ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿರುವ ಮೈಲುತುತ್ತಕ್ಕಿಂತ ಚಂದದ ನೀಲಿ ಕಾಣುವುದಿಲ್ಲ. ಅದು ವಿಷ. ಮಕ್ಕಳು ಬರುವ ಮೊದಲೇ ಚೀಲವನ್ನು ಬೀಗದೊಳಗೆ ಇಡಿ. ಬೋರ್ಡೋ ದ್ರಾವಣ ಕಲಸಿದ ಬಕೆಟ್ಟು, ಕೋಲು ಯಾವುದೂ ಅಡಿಗೆಯ ಕಡೆ ಸುಳಿಯಬಾರದು. ಅಡಿಕೆ ಬೇಯಿಸಿದ ಚೊಗರು ನೋಡಲು ರಕ್ತದಂತೆಯೇ ಇರುತ್ತದೆ, ಬಟ್ಟೆಗೂ ಒಳ್ಳೆಯ ಬಣ್ಣ. ಆದರೆ ಮಕ್ಕಳ ಹೊಟ್ಟೆಗೆ ಅಲ್ಲ.

ನೀಲಿ ಬೇಕಿದ್ದರೆ ಬೇಲಿಯ ಮೇಲಿನ ಶಂಖಪುಷ್ಪ ಇದೆ. ಹತ್ತು ಹನ್ನೆರಡು ಹೂವನ್ನು ಒಂದು ಲೋಟ ಬಿಸಿನೀರಿಗೆ ಹಾಕಿ ಸೋಸಿ, ಆ ನೀರಿನಲ್ಲಿ ಹಿಟ್ಟು ಬೇಯಿಸಿ ಒತ್ತು ಶ್ಯಾವಿಗೆ ಮಾಡಿದರೆ ದೆವ್ವದ ಕೂದಲು ತಯಾರು. ಮೇಲೆ ನಿಂಬೆರಸ ಹಿಂಡಿದ ಕಡೆಯೆಲ್ಲ ನೀಲಿ ಹೋಗಿ ನೇರಳೆಯಾಗುತ್ತದೆ. ಇದನ್ನು ಮಕ್ಕಳ ಕಣ್ಣೆದುರೇ ಮಾಡಬೇಕು. ಒಳಗೆ ಮಾಡಿ ತಂದರೆ ಏನೂ ಮಜವಿಲ್ಲ. ಕೊಡಗಿನ ಸದಸ್ಯರ ಮನೆಯ ಕಡಂಬುಟ್ಟು ಹುಟ್ಟಿನಿಂದಲೇ ಕಣ್ಣುಗುಡ್ಡೆ. ನಡುವೆ ಒಣದ್ರಾಕ್ಷಿಯ ಚೂರು ಒತ್ತಿ, ಬೀಟ್‌ರೂಟ್ ರಸದಲ್ಲಿ ಕಡ್ಡಿ ಅದ್ದಿ ಕೆಂಪು ನರಗಳನ್ನು ಎಳೆದರೆ ಅದು ನಮ್ಮನ್ನೇ ದುರುಗುಟ್ಟಿ ನೋಡುತ್ತದೆ. ರಕ್ತಕ್ಕೆ ಮುರುಗಲು ಸಿಪ್ಪೆ ನೆನೆಸಿದ ಪಾನಕ ಸಾಕು.

ಬೆರಳಿಗೆ ಕೋಡುಬಳೆಯ ಹಿಟ್ಟೇ ಆಗಬಹುದು. ಮಗುವಿನ ಕಿರುಬೆರಳಿಗಿಂತ ದಪ್ಪ ಹೊಸೆದರೆ ಒಳಗೆ ಬೇಯುವುದಿಲ್ಲ. ಗಂಟುಗಳ ಜಾಗದಲ್ಲಿ ಚಾಕುವಿನ ಬೆನ್ನಿನಿಂದ ಗೀರು ಹಾಕಿ, ತುದಿಗೆ ಗೋಡಂಬಿಯ ಅರ್ಧ ಹೋಳನ್ನು ಉಗುರಿನಂತೆ ಒತ್ತಬೇಕು. ಹೊಸೆಯುವುದು ಮಕ್ಕಳು, ಕರಿಯುವುದು ದೊಡ್ಡವರು. ಎಣ್ಣೆಯಲ್ಲಿ ಒಂದೆರಡು ಉಗುರು ಕಳಚಿಕೊಂಡರೆ ಮಕ್ಕಳಿಗೆ ಇನ್ನೂ ಸಂತೋಷ.

ಮೊಟ್ಟೆ ತಿನ್ನುವ ಮನೆಗಳಲ್ಲಿ ನಮ್ಮ ಕಾಫಿಗೂ ಕೆಲಸ ಕೊಡಬಹುದು. ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿಯದೆ ಚಮಚದಿಂದ ಸುತ್ತಲೂ ಮೆಲ್ಲಗೆ ತಟ್ಟಿ ಬಿರುಕು ಬಿಡಿಸಿ, ಗಟ್ಟಿ ಡಿಕಾಕ್ಷನ್ನಿನಲ್ಲಿ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಇನ್ನೂ ಅರ್ಧ ಗಂಟೆ ಇಡಬೇಕು. ಆರಿದ ಮೇಲೆ ಸುಲಿದರೆ ಬಿಳಿಯ ಮೇಲೆ ಕಂದು ಜೇಡರಬಲೆ ಮೂಡಿರುತ್ತದೆ. (ಇದಕ್ಕೆ ಚಿಕೋರಿ ಬೆರೆಸಿದ ಪುಡಿಯಾದರೂ ನಡೆಯುತ್ತದೆ. ಕುಡಿಯುವುದಕ್ಕೆ ಬೆರೆಸಬೇಡಿ ಎಂಬ ನಮ್ಮ ಹಳೆಯ ಮಾತು ಹಾಗೆಯೇ ಇದೆ.)

ಚೀನಿಕಾಯಿಯನ್ನು ಕೊರೆದು ಹಣತೆ ಇಟ್ಟರೆ ತಿರುಳನ್ನು ಎಸೆಯಬೇಡಿ. ಗಾರಿಗೆಯೋ ಕಡುಬೋ ಆಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಗೋಡಂಬಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರ ಬೆರಳಿಗೆ ಉಗುರೇ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಅಷ್ಟು ಚಿಕ್ಕವರು ನಿಜವಾಗಿಯೇ ಹೆದರಿ ಅತ್ತರೆ ತಟ್ಟೆಯನ್ನು ಬದಿಗಿಡಬೇಕೇ ಹೊರತು ನಗಬಾರದು.

ಇಷ್ಟೆಲ್ಲ ಹೇಳಿ ಕೆಲಸವನ್ನು ಮನೆಯ ಹೆಂಗಸರ ತಲೆಗೆ ಕಟ್ಟಿದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಅರೇಬಿಕಾ ಹಣ್ಣಾಗುವ, ಅಡಿಕೆ ಕೊಯ್ಲು ಶುರುವಾಗುವ ದಿನಗಳಲ್ಲಿ ಅವರಿಗೆ ಬಿಡುವೆಲ್ಲಿದೆ? ಆದುದರಿಂದ ಕಳೆದ ವರ್ಷ ಕೇಕಿಗೆ ಕೊಟ್ಟ ಹಣದಲ್ಲಿ ಅಕ್ಕಿ, ಎಣ್ಣೆ, ಬೆಲ್ಲ ತಂದು, ಸಮ್ಮಿಲನದ ಹಿಂದಿನ ಸಂಜೆ ಸಂಘದ ಗೋದಾಮಿನ ಜಗಲಿಯಲ್ಲೇ ಒಲೆ ಹೂಡಬೇಕೆಂದು ಆಡಳಿತ ಮಂಡಳಿಗೆ ನಮ್ಮ ಸಲಹೆ. ಬಾಣಲೆಯ ಮುಂದೆ ಗಂಡಸರು ನಿಲ್ಲಲಿ. ಕಥೆ ಹೇಳಬಲ್ಲ ಅಜ್ಜ ಅಜ್ಜಿಯರಿಗೆ ಬೆಂಚು ಹಾಕೋಣ. ಬುರುಡೆಯನ್ನು ಆಕ್ಷೇಪಿಸಿದ ಆ ಹಿರಿಯರು ಊರಿನ ಸಂಕದ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾರೆ. ಅವರನ್ನೇ ಮೊದಲು ಕೂರಿಸೋಣ.

ತಟ್ಟೆಗೂ ಮುಖವಾಡಕ್ಕೂ ನಮ್ಮ ಹಾಳೆ ಇದ್ದೇ ಇದೆ. ಕೇರಳದ ಕಡಮ್ಮನಿಟ್ಟದ ಪಡಯಣಿಯಲ್ಲಿ ಯಕ್ಷಿ, ಭೈರವಿಯರ ಆಳೆತ್ತರದ ಕೋಲಗಳನ್ನು ಬರೆಯುವುದು ಅಡಿಕೆ ಹಾಳೆಯ ಮೇಲೆಯೇ. ನಮ್ಮ ಮಕ್ಕಳು ಇದ್ದಿಲು, ಅರಿಸಿನ, ಕೆಮ್ಮಣ್ಣಿನಿಂದ ಸಣ್ಣ ಮುಖಗಳನ್ನು ಬರೆಯಲಿ. ಸದಸ್ಯರು ಮನೆಗೆ ನಾಲ್ಕರಂತೆ ಹರಿಯದ, ಬೂಷ್ಟು ಹಿಡಿಯದ ಹಾಳೆ ತರಬೇಕೆಂದು ವಿನಂತಿ. ಒಣಗಿದ್ದರೆ ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿಡಿ, ಇಲ್ಲವಾದರೆ ಮಡಿಸುವಾಗ ಸೀಳುತ್ತದೆ.