ಮಂತ್ರದೊಳಗಿನ ಯಂತ್ರ: ಎರಡು ಪಿಯಾನೊಗಳ ಒಂದು ಪ್ರಯೋಗ

ಸಂಗೀತದಲ್ಲಿ ವಿದ್ಯುನ್ಮಾನ ಉಪಕರಣಗಳ ಬಳಕೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ನಿಲುವುಗಳಲ್ಲಿ ಕೊನೆಗೊಳ್ಳುತ್ತದೆ. ಯಂತ್ರವು ವಾದ್ಯದ ಸಹಜನಾದವನ್ನು ಕೆಡಿಸುತ್ತದೆ ಎಂಬುದು ಒಂದು. ಅದು ನಾದದ ಸಾಧ್ಯತೆಗಳನ್ನು ವಿಸ್ತರಿಸುತ್ತದೆ ಎಂಬುದು ಇನ್ನೊಂದು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ನಿಲುವುಗಳೂ ಯಂತ್ರವನ್ನು ವಾದ್ಯದಿಂದ ಹೊರಗಿನ ವಸ್ತುವೆಂದೇ ಭಾವಿಸುತ್ತವೆ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಯಂತ್ರವನ್ನು ತೆಗೆದರೆ ಕೃತಿ ಉಳಿಯುತ್ತದೆಯೇ? ಜರ್ಮನಿಯ ಸಂಯೋಜಕ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ (1928–2007) ರಚಿಸಿದ ‘ಮಂತ್ರ’ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಕೃತಿಯಾಗಿದೆ.

ಅಲೋಯ್ಸ್ ಮತ್ತು ಆಲ್ಫೋನ್ಸ್ ಕೊಂಟಾರ್ಸ್ಕಿ ಎಂಬ ಸಹೋದರರ ಜೋಡಿಗಾಗಿ 1970ರಲ್ಲಿ ರಚಿತವಾದ ಈ ಕೃತಿ, ಅದೇ ವರ್ಷದ ಅಕ್ಟೋಬರ್ 18ರಂದು ಡೊನೌಎಷಿಂಗನ್ ಸಂಗೀತೋತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಒಂದು ಗಂಟೆಗೂ ಮೀರಿ ನಡೆಯುವ ಇಡೀ ರಚನೆ 13 ಸ್ವರಗಳ ಒಂದೇ ಸೂತ್ರದಿಂದ ಹುಟ್ಟಿದೆ. ಆ ಸೂತ್ರ ಹೊರಟ ಸ್ವರಕ್ಕೇ ಮರಳುತ್ತದೆ. ಕೃತಿಯುದ್ದಕ್ಕೂ ಅದೇ ಹಿಗ್ಗುತ್ತ, ಕುಗ್ಗುತ್ತ ಆವರ್ತನಗೊಳ್ಳುತ್ತದೆ. ಶ್ರೀ ಅರವಿಂದರನ್ನು ಕುರಿತು ಸತ್ಪ್ರೇಮ್ ಬರೆದ ಗ್ರಂಥವನ್ನು ಸ್ಟಾಕ್‌ಹೌಸನ್ 1968ರಲ್ಲಿ ಓದಿದ್ದುದನ್ನು ಗಮನಿಸಿದರೆ, ಈ ಶೀರ್ಷಿಕೆ ಕೇವಲ ಪೂರ್ವದೇಶದ ಆಕರ್ಷಣೆಗಾಗಿ ಇಟ್ಟದ್ದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಪ್ರತಿಯೊಬ್ಬ ವಾದಕನ ಬಳಿಯೂ ಪಿಯಾನೊದ ಜೊತೆಗೆ ಚಿಕ್ಕ ತಾಳಗಳು, ಮರದ ತಾಡನವಾದ್ಯ, ಶುದ್ಧಸ್ವರವೊಂದನ್ನು ಹೊರಡಿಸುವ ಸೈನ್ ತರಂಗ ಜನಕ ಹಾಗೂ ರಿಂಗ್ ಮಾಡ್ಯುಲೇಟರ್ ಇರುತ್ತವೆ. ಮಾಡ್ಯುಲೇಟರಿನ ಕೆಲಸ ಸರಳವಾದುದು: ಪಿಯಾನೊದ ಆವರ್ತಾಂಕ ಮತ್ತು ಆ ಶುದ್ಧಸ್ವರದ ಆವರ್ತಾಂಕಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಅದು ಹೊಸ ಧ್ವನಿಗಳಾಗಿ ಕೊಡುತ್ತದೆ. ಉದಾಹರಣೆಗೆ, ಶುದ್ಧಸ್ವರ 220 ಹರ್ಟ್ಜ್ ಆಗಿದ್ದು ಪಿಯಾನೊದ ಮೂಲಸ್ವರ 440 ಆದರೆ 660 ಮತ್ತು 220 ದೊರೆಯುತ್ತವೆ. ಇವು ಪಂಚಮ, ಷಡ್ಜಗಳಂತೆ ಹೊಂದಿಕೊಳ್ಳುತ್ತವೆ. ಪಕ್ಕದ ಸ್ವರವಾದ 466 ನುಡಿದರೆ 686 ಮತ್ತು 246 ಬರುತ್ತವೆ. ಇವು ಯಾವ ಸ್ವರಸಂಬಂಧಕ್ಕೂ ಒಳಪಡದೆ ಪಿಯಾನೊವನ್ನು ಒಡೆದ ಗಂಟೆಯಂತೆ ಕೇಳಿಸುತ್ತವೆ. ಹೀಗೆ ಪ್ರತಿ ಸ್ವರವೂ ಕೇಂದ್ರಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದನ್ನು ಯಂತ್ರವು ಆ ಕ್ಷಣದಲ್ಲೇ ಕಿವಿಗೆ ತಿಳಿಸುತ್ತದೆ.

ಇದು ಆಧಾರಶ್ರುತಿಯ ಕಾರ್ಯವನ್ನು ನೆನಪಿಗೆ ತರುತ್ತದೆ. ಆದರೆ ಹೋಲಿಕೆಗೆ ಮಿತಿಯಿದೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿ ಇಂದಿನ ಕಛೇರಿಗಳಲ್ಲಿ ಸಾಮಾನ್ಯವಾಗಿದೆ. ಅದು ಶ್ರುತಿಯನ್ನು ಕೊಡುತ್ತದೆ, ಆದರೆ ಗಾಯಕನನ್ನು ಕೇಳಿಸಿಕೊಳ್ಳುವುದಿಲ್ಲ. ಗಾಯಕ ತಪ್ಪಿದರೂ ತನ್ನ ಪಾಡಿಗೆ ತಾನು ನುಡಿಯುತ್ತದೆ. ‘ಮಂತ್ರ’ದಲ್ಲಿ ಕೇಂದ್ರಸ್ವರವೇ ಸೂತ್ರವನ್ನು ಅನುಸರಿಸಿ ಭಾಗದಿಂದ ಭಾಗಕ್ಕೆ ಬದಲಾಗುತ್ತದೆ, ಅಲ್ಲದೆ ವಾದಕನ ಪ್ರತಿ ಸ್ಪರ್ಶವೂ ಯಂತ್ರದ ನುಡಿಯನ್ನು ರೂಪಿಸುತ್ತದೆ. ಒಂದು ವಾದ್ಯಕ್ಕೆ ಬದಲಿಯಾಗಿ ಬಂದ ಉಪಕರಣ. ಇನ್ನೊಂದು ವಾದ್ಯದೊಡನೆ ಸಂವಾದಿಸುವ ಉಪಕರಣ.

ಆಕ್ಷೇಪಗಳಿಲ್ಲವೆಂದಲ್ಲ. ಒಡಕುಧ್ವನಿಗಳ ದೀರ್ಘಪ್ರವಾಹದಲ್ಲಿ ಕಿವಿ ದಣಿಯುವುದುಂಟು. ಧ್ವನಿನಿಯಂತ್ರಣದ ಮೇಜಿನ ಮುಂದೆ ಕುಳಿತು ಸಮತೋಲನವನ್ನು ನಿರ್ಧರಿಸುವ ಮೂರನೆಯ ವ್ಯಕ್ತಿಯನ್ನು ‘ಜೋಡಿವಾದನ’ವೆಂಬ ಹೆಸರು ಮರೆಮಾಡುತ್ತದೆ. ಈ ಆಕ್ಷೇಪಗಳು ನ್ಯಾಯವಾದವು. ಆದರೆ ಇವು ನಿರ್ವಹಣೆಗೆ ಸಂಬಂಧಿಸಿದವು, ಮೂಲತತ್ತ್ವವನ್ನು ಅಲ್ಲಗಳೆಯುವುದಿಲ್ಲ. ರಸಪರವಶನಾದ ಕವಿಗೆ ಪ್ರತ್ಯೇಕ ಪ್ರಯತ್ನವಿಲ್ಲದೆ ಒದಗುವ ಅಲಂಕಾರವೇ ಕಾವ್ಯಕ್ಕೆ ಸಹಜವಾದುದೆಂದು ಆನಂದವರ್ಧನ ಪ್ರತಿಪಾದಿಸಿದ್ದಾನೆ. ಈ ಅಳತೆಗೋಲನ್ನು ಇಲ್ಲಿಯೂ ಬಳಸಬಹುದು. ‘ಮಂತ್ರ’ದಿಂದ ಯಂತ್ರವನ್ನು ತೆಗೆದರೆ ಸ್ವರಗಳ ಸರಣಿಯೇನೋ ಉಳಿಯುತ್ತದೆ, ಅಗಲಿಕೆ ಮತ್ತು ಮರಳುವಿಕೆಯ ಅನುಭವ ಮಾತ್ರ ಅಳಿಯುತ್ತದೆ. ಆದ್ದರಿಂದ ಅಲ್ಲಿನ ಯಂತ್ರ ಮೇಲೆ ತೊಡಿಸಿದ ಆಭರಣವಲ್ಲ.

ಈ ನಿರ್ಣಯಕ್ಕೆ ಪ್ರಾಯೋಗಿಕ ಮಹತ್ತ್ವವೂ ಉಂಟು. 1970ರ ಉಪಕರಣಗಳ ಕೆಲಸವನ್ನು ಇಂದು ಗಣಕಯಂತ್ರವೇ ಮಾಡಬಲ್ಲುದು. ಹಳೆಯ ಪೆಟ್ಟಿಗೆಯನ್ನು ಕಾಪಾಡಿದರೆ ಕೃತಿಯನ್ನು ಕಾಪಾಡಿದಂತೆ ಎಂದು ನಂಬಿದರೆ, ಪೆಟ್ಟಿಗೆ ಕೆಟ್ಟ ದಿನ ಕೃತಿಯೂ ಸಾಯಬೇಕಾಗುತ್ತದೆ. ಸ್ವರಲಿಪಿ ನಿಗದಿಗೊಳಿಸಿರುವುದು ಪಿಯಾನೊ ಮತ್ತು ಶುದ್ಧಸ್ವರಗಳ ನಡುವಿನ ಸಂಬಂಧವನ್ನು. ಆ ಸಂಬಂಧಕ್ಕೆ ನಿಷ್ಠವಾಗಿರುವ ಪ್ರತಿ ಪ್ರದರ್ಶನವೂ ‘ಮಂತ್ರ’ವೇ. ಕೊಂಟಾರ್ಸ್ಕಿ ಸಹೋದರರಲ್ಲಿ ಆಲ್ಫೋನ್ಸ್ 2010ರಲ್ಲಿ, ಅಲೋಯ್ಸ್ 2017ರಲ್ಲಿ ತೀರಿಕೊಂಡರು. ಅವರ ಬೆರಳುಗಳಿಗೆಂದು ಬರೆದ ಕೃತಿಯನ್ನು ಬೇರೆ ಜೋಡಿಗಳು ನುಡಿಸುತ್ತಿವೆ. ವಾದಕರು ಬದಲಾದರೂ ಕೃತಿ ಉಳಿಯುತ್ತದೆಂದು ಒಪ್ಪುವವರು ಯಂತ್ರದ ವಿಷಯದಲ್ಲಿಯೂ ಅದೇ ನ್ಯಾಯವನ್ನು ಒಪ್ಪಬೇಕಾಗುತ್ತದೆ.