ಬಿಸಿ ಕೊಡುವವನು ಮೊದಲು ತಂಪು ಕೊಡಲಿ

ಹಾವನ್ನು ಕಂಡೊಡನೆ ಕೋಲು ಹುಡುಕುವವರು ನಮ್ಮಲ್ಲಿದ್ದಾರೆ. ಹುತ್ತಕ್ಕೆ ಹಾಲೆರೆಯುವವರೂ ಇದ್ದಾರೆ. ಈ ಇಬ್ಬರಿಂದಲೂ ಹಾವಿಗೆ ಆಗುವ ಹಾನಿ ಹಳೆಯದು. ಅದರ ಮೇಲೆ ಬೇಕಾದಷ್ಟು ಬರೆದಾಗಿದೆ. ಈಚೆಗೆ ಮೂರನೆಯದೊಂದು ಪಂಗಡ ಹುಟ್ಟಿಕೊಂಡಿದೆ. ಇವರು ಹಾವನ್ನು ಹೊಡೆಯುವುದಿಲ್ಲ, ಪೂಜಿಸುವುದೂ ಇಲ್ಲ, ಸಾಕುತ್ತಾರೆ. ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ಮುಚ್ಚಳ ಬಿಗಿದು, “ಪಾಪ, ಚಳಿಯಾದೀತು” ಎಂದು ಅದಕ್ಕೆ ಕಾವು ಕೊಡುತ್ತಾರೆ. ನನ್ನ ಜಗಳವಿರುವುದು ಈ ಮೂರನೆಯವರೊಡನೆ. ಕೋಲಿನವನ ಕೈಯಲ್ಲಿ ಹಾವು ಒಂದು ಗಳಿಗೆಯಲ್ಲಿ ಸಾಯುತ್ತದೆ. ಇವರ ಕರುಣೆಯಲ್ಲಿ ಅದು ದಿನಗಟ್ಟಲೆ ಬೇಯುತ್ತದೆ.

ಯಾವ ಹಾವಿನ ಮಾತು ಇದು ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಹಾವಿಗೆ ಹೇಗೆ ಕಾವು ಕೊಡಬೇಕೆಂದು ಕೇಳುವವರಿಗೆ ಒಂದೇ ಉತ್ತರ: ಅರಣ್ಯ ಇಲಾಖೆಗೆ ತಿಳಿಸಿ. ಟಬ್ಬುಗಳಲ್ಲಿ ಈಗ ಸುರುಳಿ ಸುತ್ತಿ ಮಲಗಿರುವವು ಪರದೇಶದವು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್, ಇಂಥವು. ಬಾಲ್ ಪೈಥಾನಿನಂಥದನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ‘ಪರಿವೇಶ್’ ತಾಣದಲ್ಲಿ ಅದನ್ನು ನೋಂದಾಯಿಸಬೇಕು. ಎಲ್ಲವೂ ರಾಜಮಾರ್ಗದಿಂದ ಬಂದವೆಂದು ಯಾರೂ ಭ್ರಮಿಸಬೇಕಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನನ್ನು ಬಿಚ್ಚಿದಾಗ ಒಳಗೆ 72 ಹಾವುಗಳಿದ್ದವು. ಅವುಗಳಲ್ಲಿ 55 ಬಾಲ್ ಪೈಥಾನ್‌ಗಳು. ಜೊತೆಗೆ ಸತ್ತುಬಿದ್ದಿದ್ದ ಆರು ಕ್ಯಾಪುಚಿನ್ ಕೋತಿಗಳು. ಈ ಷೋಕಿಯ ಹಿಂದಿರುವ ಅಂಗಡಿ ಎಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಂಗಳೂರಿನ ಷೋಕಿ ಕೃಷ್ಣೆಯ ದಂಡೆಗೆ ಬರಲು ಒಂದು ರಾತ್ರಿಯ ಬಸ್ಸು ಸಾಕು. ನಮ್ಮ ನಾರಾಯಣಪುರಕ್ಕೂ ಅದು ಬಂದಿದೆ. ನಮ್ಮ ಓಣಿಯ ಹುಡುಗನೊಬ್ಬ ಮೇ ತಿಂಗಳಲ್ಲಿ ರಜೆಗೆ ಬಂದವನು ಮಾಳಿಗೆಯ ಮೇಲಿನ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ತನ್ನ ಹಾವನ್ನು ತೋರಿಸಿದ. ಟಬ್ಬಿನ ಮುಚ್ಚಳಕ್ಕೆ ತೂತು ಕೊರೆದು ಒಳಗೆ ಬಲ್ಬು ಇಳಿಬಿಟ್ಟಿದ್ದ.

“ಕಾಕಾ, ಇದಕ್ಕ ಬಿಸಿ ಬೇಕಂತ್ರಿ. ಪುಸ್ತಕದಾಗ ಬರದಾರ” ಎಂದ.

“ತಮ್ಮಾ, ಮಧ್ಯಾಹ್ನ ಈ ಖೋಲಿಯಾಗ ನೀ ಎಷ್ಟೊತ್ತು ಕುಂಡ್ರತಿ?”

“ಯಾರ್ ಕುಂಡ್ರತಾರ್ರಿ ಕಾಕಾ, ಜೀವಾ ಹೋಗ್ತದ.”

“ಅದಕ್ಕೂ ಜೀವ ಅದ” ಎಂದೆ. ಅವನು ಬಲ್ಬು ಆರಿಸಿದ. ಹುಡುಗ ಒಳ್ಳೆಯವನು, ನನ್ನ ತಕರಾರು ಅವನ ಮೇಲಲ್ಲ, ಅವನು ಓದಿದ ಪುಸ್ತಕವನ್ನು ಕಣ್ಣುಮುಚ್ಚಿ ನಂಬುವ ಪದ್ಧತಿಯ ಮೇಲೆ.

ಪುಸ್ತಕದ ಮಾತು ಸುಳ್ಳಲ್ಲ, ಅರ್ಧ ಸತ್ಯ. ಹಾವು ನಮ್ಮಂತೆ ತನ್ನ ಮೈಯಲ್ಲಿ ತಾನೇ ಕಾವನ್ನು ಹುಟ್ಟಿಸಿಕೊಂಡು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳಲಾರದು. ಮೈ ತಣ್ಣಗಾದರೆ ನುಂಗಿದ್ದು ಅರಗುವುದಿಲ್ಲ, ಕಾರಿಕೊಳ್ಳುತ್ತದೆ. ಹೊರಗಿನ ಶಾಖ ಅದಕ್ಕೆ ಬೇಕೇ ಬೇಕು. ಆದರೆ ಬಯಲಿನ ಹಾವು ಆ ಶಾಖವನ್ನು ಹೇಗೆ ಪಡೆಯುತ್ತದೆಂಬುದನ್ನು ಎಡದಂಡೆ ಕಾಲುವೆಯ ಏರಿಯ ಮೇಲೆ ಬೆಳಿಗ್ಗೆ ನಡೆದಾಡುವ ಯಾರಾದರೂ ಕಂಡಿರುತ್ತಾರೆ. ಚಳಿಗಾಲದ ಎಳೆಬಿಸಿಲಿನಲ್ಲಿ ಕೇರೆಯೊಂದು ಕಲ್ಲಿನ ಮೇಲೆ ಮೈಚಾಚಿ ಮಲಗಿರುತ್ತದೆ. ಬಿಸಿಲೇರಿತೋ, ಕಲ್ಲು ಬರಿದಾಗುತ್ತದೆ. ಹಾವು ಇಲಿಯ ಬಿಲಕ್ಕೋ ಪೊದೆಯ ಬುಡಕ್ಕೋ ಇಳಿದಿರುತ್ತದೆ. ಹುತ್ತದೊಳಗೆ ಹಾವು ಸೇರುವುದೂ ಇದಕ್ಕಾಗಿಯೇ. ಮೇಲೆ ಬೆಂಕಿ ಸುರಿದರೂ ಮಣ್ಣಿನ ಆಳದಲ್ಲಿ ತಂಪಿರುತ್ತದೆ. ಅಂದರೆ ಹಾವಿಗೆ ಬೇಕಾದದ್ದು ಬರಿಯ ಬಿಸಿಯಲ್ಲ. ಬಿಸಿಗೂ ತಂಪಿಗೂ ನಡುವೆ ತನ್ನಿಷ್ಟದಂತೆ ಓಡಾಡುವ ಸ್ವಾತಂತ್ರ್ಯ. ಟಬ್ಬಿಗೆ ಬಿಸಿ ತುಂಬುವವನು ಈ ಸ್ವಾತಂತ್ರ್ಯವನ್ನು ಕಿತ್ತುಕೊಂಡು, ಅದರ ಅರ್ಧವನ್ನು ಮಾತ್ರ ಹಿಂದಕ್ಕೆ ಕೊಟ್ಟು, ಉಪಕಾರ ಮಾಡಿದೆನೆಂದುಕೊಳ್ಳುತ್ತಾನೆ.

ಇವರ ವಾದಗಳನ್ನು ಒಂದೊಂದಾಗಿ ನೋಡೋಣ.

“ಬಲ್ಬು ಹಾಕಿದರೆ ಸಾಕು” ಎಂಬುದು ಮೊದಲನೆಯದು. ಪ್ಲಾಸ್ಟಿಕ್ ಟಬ್ಬಿನೊಳಗೆ ಉರಿಯುವ ಬಲ್ಬು ಎಂದರೆ ಎರಡು ಅಪಾಯ: ಗೋಡೆಗೆ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ; ಹಾವು ಅದಕ್ಕೆ ಸುತ್ತಿಕೊಂಡರೆ ಅದರ ಮೈ ಸುಡುತ್ತದೆ.

“ಬಿಸಿಲಿಗಿಟ್ಟರೆ ಖರ್ಚಿಲ್ಲ” ಎಂಬುದು ಎರಡನೆಯದು. ಬಿಸಿಲಿನಲ್ಲಿಟ್ಟ ಮುಚ್ಚಿದ ಟಬ್ಬು ಬಾಗಿಲು ಹಾಕಿ ನಿಲ್ಲಿಸಿದ ಕಾರಿನಂತೆ. ಬೆಳಕು ಒಳಗೆ ಹೋಗುತ್ತದೆ, ಕಾವು ಹೊರಗೆ ಬರುವುದಿಲ್ಲ. ನಾಲ್ಕು ನಿಮಿಷ ಮರೆತು ಒಳಗೆ ಹೋದವನು ಹಿಂದಿರುಗುವುದರೊಳಗೆ ಆಗಬಾರದ್ದು ಆಗಲು ತೊಡಗಿರುತ್ತದೆ.

ಮೂರನೆಯ ವಾದ ಜಾಣರದು: “ಹೆಚ್ಚು ಬಿಸಿಯಾದರೆ ಹಾವು ತಾನೇ ಸರಿಯುತ್ತದೆ.” ಎಲ್ಲಿಗೆ ಸರಿಯಬೇಕು? ಟಬ್ಬು ಪೂರಾ ಕಾದಿರುವಾಗ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿದರೆ ಬಾಣಲೆಯೊಳಗೇ ಸರಿದಂತೆ. ಅಷ್ಟೇ ಅಲ್ಲ, ಕೆಳಗಿನಿಂದ ಬರುವ ಕಾವಿನ ಮೇಲೆ ಹೊಟ್ಟೆಯ ಹುರುಪೆ ಸುಟ್ಟರೂ ಕದಲದೆ ಮಲಗಿದ ಹಾವುಗಳನ್ನು ಪಶುವೈದ್ಯರು ಬೇಕಾದಷ್ಟು ಕಂಡಿದ್ದಾರೆ. ಅಡಗಲು ಮರೆ ಬಿಸಿ ತುದಿಯಲ್ಲಿ ಮಾತ್ರ ಇದ್ದರೆ, ಹಾವು ಸುಟ್ಟುಕೊಳ್ಳುವುದನ್ನು ಒಪ್ಪೀತು, ಬಯಲಿಗೆ ಬರುವುದನ್ನು ಒಪ್ಪಲಾರದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಅದು ಗುಟ್ಟೇನೂ ಅಲ್ಲ. ಟಬ್ಬು ಉದ್ದವಾಗಿರಬೇಕು, ಗಾಳಿಗೆ ಎರಡು ಕಡೆಯೂ ತೂತುಗಳಿರಬೇಕು, ತೂತಿನ ಅಂಚು ನಯವಾಗಿರಬೇಕು. ಹೀಟ್ ಮ್ಯಾಟ್ ಎಂಬ ತೆಳು ಹಾಸನ್ನು ಟಬ್ಬಿನ ಹೊರಗೆ, ತಳದ ಒಂದು ತುದಿಗೆ, ಮೂರನೆಯ ಒಂದು ಪಾಲಿಗೆ ಮೀರದಂತೆ ಇಡಬೇಕು. ಅದರ ಕೆಳಗೆ ಗಾಳಿಯಾಡುವಂತೆ ಟಬ್ಬನ್ನು ಎರಡು ಪಟ್ಟಿಗಳ ಮೇಲೆ ಎತ್ತಿಡಬೇಕು. ಮ್ಯಾಟನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು ಮಹಾಪರಾಧ. ನಡುವೆ ಥರ್ಮೋಸ್ಟಾಟ್ ಇರಲೇಬೇಕು. ಅದರ ಮೂಗು, ಎಂದರೆ ಶಾಖವನ್ನರಿಯುವ ತುದಿ, ಮ್ಯಾಟಿಗೂ ಟಬ್ಬಿನ ತಳಕ್ಕೂ ನಡುವೆ ಭದ್ರವಾಗಿರಬೇಕು. ಟಬ್ಬಿನೊಳಗಿನ ಗಾಳಿಯಲ್ಲಿ ಅದನ್ನು ನೇತುಬಿಟ್ಟರೆ, ಗಾಳಿ ಕಾಯುವ ತನಕ ಮ್ಯಾಟ್ ತಳವನ್ನು ಸುಡುತ್ತಲೇ ಇರುತ್ತದೆ. ಮ್ಯಾಟಿನ ಮೇಲಿನ ಭಾಗದಲ್ಲಿ ಹೊಟ್ಟು, ತೊಗಟೆಗಳನ್ನು ದಪ್ಪಗೆ ಹರಡಬಾರದು; ಹಾವು ಅದರಡಿಗೆ ಹೊಕ್ಕು ಕಾದ ತಳಕ್ಕೇ ಮೈ ಹಚ್ಚುತ್ತದೆ. ಒಳಗಿನ ನೆಲದ ಮೇಲೆ ಎರಡೂ ತುದಿಗಳಲ್ಲಿ ಬೇರೆ ಉಷ್ಣಮಾಪಕವಿಟ್ಟು ಅಳೆಯಬೇಕು. ಬಾಲ್ ಪೈಥಾನಿಗೆ ಬಿಸಿ ತುದಿ 31-32 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25-27. ಎರಡೂ ಕಡೆ ಅಡಗಲು ಒಂದೊಂದು ಮರೆ. ನೀರಿನ ಬಟ್ಟಲು ತಂಪು ತುದಿಯಲ್ಲಿ. ಹಾವನ್ನು ಬಿಡುವ ಮುನ್ನ ಬರಿಯ ಟಬ್ಬನ್ನು ಎರಡು ದಿನ ಹೀಗೆ ನಡೆಸಿ ನೋಡಬೇಕು.

ಇಷ್ಟನ್ನು ಓದಿ, “ಸರಿ, ಥರ್ಮೋಸ್ಟಾಟ್ ತಂದರಾಯಿತು” ಎಂದು ಸಮಾಧಾನಪಡುವವರಿಗಾಗಿಯೇ ಈ ಲೇಖನದ ಮುಖ್ಯ ಮಾತನ್ನು ಉಳಿಸಿಟ್ಟಿದ್ದೇನೆ. ಈ ವಿದ್ಯೆಯನ್ನು ಬರೆದಿಟ್ಟವರು ಬಹುಮಟ್ಟಿಗೆ ಚಳಿದೇಶದ ಜನ. ಅವರ ಕೋಣೆ ಸದಾ ಹಾವಿಗೆ ಬೇಕಾದುದಕ್ಕಿಂತ ತಣ್ಣಗಿರುತ್ತದೆ. ಆದ್ದರಿಂದ ಒಂದು ತುದಿಯನ್ನು ಕಾಯಿಸಿದರೆ ಇನ್ನೊಂದು ತುದಿ ತಂಪಾಗಿಯೇ ಉಳಿಯುತ್ತದೆ. ತಂಪು ಅವರಿಗೆ ಪುಕ್ಕಟೆ. ನಾರಾಯಣಪುರದಲ್ಲಿ? ಬಸವಸಾಗರದ ನೀರು ಕಣ್ಣೆದುರಿಗೆ ಮೈಲಿಗಟ್ಟಲೆ ಹರಡಿದ್ದರೂ ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಕಾಂಕ್ರೀಟು ಚಾವಣಿಯ ಮನೆ ಆ ಕಾವನ್ನು ನಡುರಾತ್ರಿಯವರೆಗೂ ಉಗುಳುತ್ತಿರುತ್ತದೆ. ಅಂಥ ಕೋಣೆಯಲ್ಲಿ ಥರ್ಮೋಸ್ಟಾಟ್ ಮಾಡಬಲ್ಲ ಕೆಲಸ ಒಂದೇ: ಮ್ಯಾಟನ್ನು ಆರಿಸುವುದು. ಬಿಸಿಯನ್ನು ನಿಲ್ಲಿಸುವುದು ಅದಕ್ಕೆ ಗೊತ್ತು. ತಂಪು ಮಾಡುವುದು ಗೊತ್ತಿಲ್ಲ. ಮ್ಯಾಟ್ ಆರಿದ ಮೇಲೂ ಟಬ್ಬಿನ ‘ತಂಪು ತುದಿ’ ಎಂಬುದು 38 ಡಿಗ್ರಿಯಲ್ಲಿದ್ದರೆ, ಆ ತಂತ್ರಕ್ಕೆ ಕೊಟ್ಟ ದುಡ್ಡು ಹಾವಿನ ಪಾಲಿಗೆ ಸೊನ್ನೆ.

“ನಮ್ಮೂರೇ ಬಿಸಿ, ಹಾಗಾದರೆ ಮ್ಯಾಟೇ ಬೇಡವಲ್ಲ” ಎಂದು ಮತ್ತೊಬ್ಬರು ಎದ್ದು ನಿಲ್ಲುತ್ತಾರೆ. ಬೇಸಗೆಗೆ ಅದು ನಿಜ. ಆದರೆ ಪುಷ್ಯದ ರಾತ್ರಿ ಕಂಬಳಿ ಹೊದೆಯುವವರೂ ನಾವೇ. ನಮ್ಮ ಸೀಮೆಗೆ ಎರಡು ಮುಖ. ಹಾವು ಸಾಕುವವನು ಎರಡಕ್ಕೂ ಉತ್ತರ ಹೇಳಬೇಕು. ಚಳಿಗೆ ಉತ್ತರ ಸುಲಭ, ಅಂಗಡಿಯಲ್ಲಿ ಸಿಗುತ್ತದೆ. ಬೇಸಗೆಗೆ ಉತ್ತರ ಮನೆಯಲ್ಲಿರಬೇಕು: ನೆಲಮಟ್ಟದ ಕೋಣೆ, ದಪ್ಪ ಕಲ್ಲು ಮಣ್ಣಿನ ಗೋಡೆ, ಇಲ್ಲವೆ ಹವಾನಿಯಂತ್ರಣ ಯಂತ್ರ, ಜೊತೆಗೆ ವಿದ್ಯುತ್ತು ಹೋದಾಗ ಅದನ್ನು ನಡೆಸುವ ವ್ಯವಸ್ಥೆ. ಒದ್ದೆ ಗೋಣಿಚೀಲ ಹೊದಿಸುವುದು, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿಯನ್ನು ಟಬ್ಬಿನ ಒಂದು ತುದಿಗೆ ಹೊರಗಿನಿಂದ ಆನಿಸಿಡುವುದು, ಇವೆಲ್ಲ ಒಂದು ಮಧ್ಯಾಹ್ನದ ಆಪದ್ಧರ್ಮ. ಎರಡು ತಿಂಗಳ ಬೇಸಗೆಗೆ ಆಸರೆಯಲ್ಲ.

ಹಾವು ಹಿಡಿದೇ ಬದುಕಿದವರ ಕಡೆ ಒಮ್ಮೆ ನೋಡಿ. ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಔಷಧಕ್ಕಾಗಿ ವಿಷ ತೆಗೆಯಲು ತಂದ ಹಾವುಗಳನ್ನು ಅವರು ಇಡುವುದು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆಯಲ್ಲಿ; ಕೆಲವು ವಾರಗಳ ನಂತರ ಅವನ್ನು ಬಿಟ್ಟುಬಿಡುತ್ತಾರೆ. ಮಣ್ಣು ಉಸಿರಾಡುತ್ತದೆ, ತಂಪನ್ನು ಹಿಡಿದಿಡುತ್ತದೆ. ಬಿಸಿನಾಡಿನಲ್ಲಿ ಹಾವನ್ನು ಇಡುವವನ ಮೊದಲ ಚಿಂತೆ ತಂಪಿನದು ಎಂಬುದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಬೇಕಾಗಲಿಲ್ಲ.

“ಹಾಗಾದರೆ ನಿಮ್ಮ ಪ್ರಕಾರ ನಾರಾಯಣಪುರದಲ್ಲಿ ಹಾವು ಸಾಕಲೇಬಾರದೋ?” ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ 30 ಡಿಗ್ರಿ ದಾಟದ ಒಂದು ಕೋಣೆ ನಿಮ್ಮ ಮನೆಯಲ್ಲಿದ್ದರೆ, ಕಾಗದಪತ್ರ ನೆಟ್ಟಗಿದ್ದರೆ, ಸಾಕಿಕೊಳ್ಳಿ. ಇಲ್ಲದಿದ್ದರೆ ಬಾರದು ಎಂದೇ ನನ್ನ ಉತ್ತರ. ಇದು ಬಡವ ಬಲ್ಲಿದರ ಮಾತಲ್ಲ. ಮಣ್ಣಿನ ಮನೆಯವನಿಗೆ ಆ ಕೋಣೆ ಇದ್ದೀತು, ಮಾಳಿಗೆ ಮನೆಯವನಿಗೆ ಇಲ್ಲದಿದ್ದೀತು. ಈಗಾಗಲೇ ತಂದವರು ಬೇಸತ್ತು ಅದನ್ನು ಕೃಷ್ಣೆಯ ದಂಡೆಗೆ ಬಿಟ್ಟು ಕೈತೊಳೆದುಕೊಳ್ಳುವುದೂ ಸಲ್ಲದು. ಏಷ್ಯದಿಂದ ಹೋಗಿ ಫ್ಲಾರಿಡದ ಜೌಗಿನಲ್ಲಿ ನೆಲೆಯೂರಿದ ಬರ್ಮಾದ ಹೆಬ್ಬಾವುಗಳು ಅಲ್ಲಿನ ಪ್ರಾಣಿಗಳನ್ನು ತಿಂದು ತೇಗಿದ ಕಥೆ ಲೋಕಕ್ಕೆ ಗೊತ್ತು. ತಂಪು ಕೋಣೆಯಿರುವ, ನಿಯಮ ತಿಳಿದ ಕೈಗೆ ಅದನ್ನು ಒಪ್ಪಿಸುವುದೇ ಉಳಿದ ದಾರಿ.

ನಾಯಿಯನ್ನು ಬಿಸಿಲಿಗೆ ಕಟ್ಟಿದರೆ ಅದು ಬೊಗಳಿ ಓಣಿಯನ್ನೇ ಎಬ್ಬಿಸುತ್ತದೆ. ಎಮ್ಮೆ ಹಗ್ಗ ಹರಿದುಕೊಂಡು ಹಳ್ಳಕ್ಕೆ ಓಡುತ್ತದೆ. ಹಾವು ಕೂಗುವುದಿಲ್ಲ. ಬೇಯುವಾಗಲೂ ಅದರ ಮುಖ ಹಾಗೇ ಇರುತ್ತದೆ. ಅದನ್ನು ನೋಡಿದ ನಾವು ಸುಖವಾಗಿದೆಯೆಂದುಕೊಳ್ಳುತ್ತೇವೆ. ಅದರ ಪರವಾಗಿ ಮಾತಾಡಬಲ್ಲದ್ದು ಒಂದು ಉಷ್ಣಮಾಪಕ ಮಾತ್ರ. ಹಾವನ್ನು ತರಬೇಕೆನ್ನುವವರು ಮೊದಲು ಅದನ್ನು ತಂದು, ಬೇಸಗೆಯ ಒಂದು ವಾರ ತಮ್ಮ ಕೋಣೆಯ ಗೋಡೆಗೆ ತೂಗುಹಾಕಲಿ. ಅದು ಹೇಳಿದ್ದನ್ನು ಕೇಳಿದ ಮೇಲೆ, ಟಬ್ಬನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.