ತೊಡೆಯ ಮೇಲಿನ ಒಂದು ಪದರ

ನಮ್ಮ ಶಾಲೆಯ ವಿಜ್ಞಾನ ದಿನಾಚರಣೆಗೆ ಬಂದಿದ್ದ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಪ್ಲಾಸ್ಟಿಕ್ ಸರ್ಜರಿ ನಮ್ಮದು, ಸುಶ್ರುತ ನಮ್ಮವನು, ಇಂಗ್ಲಿಷರು ನಮ್ಮಿಂದ ಕಲಿತವರು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳೇನಲ್ಲವಲ್ಲ. ಆದರೆ ನನ್ನ ಕಣ್ಣು ಹಿಂದಿನ ಬೆಂಚಿನ ಮೇಲಿತ್ತು. ವರ್ಷಗಳ ಹಿಂದೆ ಅಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಮದುವೆಯಾದ ಎರಡನೇ ವರ್ಷ ಸೀಮೆಎಣ್ಣೆ ಸ್ಟೋವ್ ಸಿಡಿದು ಆಸ್ಪತ್ರೆ ಸೇರಿದಳು. ಹತ್ತು ದಿನ ಬದುಕಿದ್ದಳು. ಈ ಸ್ಟೋವುಗಳು ಸೊಸೆಯಂದಿರ ಕೈಯಲ್ಲೇ ಏಕೆ ಸಿಡಿಯುತ್ತವೆ ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ.

ಅತಿಥಿಗಳು ಹೇಳದೆ ಬಿಟ್ಟ ಕಥೆಯೊಂದಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿ ರೈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೈನ್ಯ ಸೇರಿಕೊಂಡ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಬಿಡಿಸಿಟ್ಟು, ಅಷ್ಟಗಲ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಉಳಿಸಿ, ತಿರುಚಿ ಕೆಳಗಿಳಿಸಿ ಕೂರಿಸಿದ. ಆ ಎಳೆಯಲ್ಲಿ ರಕ್ತ ಹರಿಯುತ್ತದೆ. ಹೊಸ ಮೂಗು ಅಂಟಿಕೊಳ್ಳುವವರೆಗೂ ಅದು ಬೇಕು. ಸುಮಾರು 25ನೇ ದಿನ ಅದನ್ನು ಕತ್ತರಿಸುತ್ತಿದ್ದರಂತೆ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಹಿತ ಅಚ್ಚು ಹಾಕಿತು. ಅದನ್ನೋದಿದ ಕಾರ್ಪ್ಯೂ ಎಂಬ ವೈದ್ಯ ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಜೀವಂತ ಮನುಷ್ಯನಿಗೆ ಮೂಗು ಕಟ್ಟಿದ. ಕಾರ್ಪ್ಯೂ ಹೆಸರು ಪುಸ್ತಕಗಳಲ್ಲಿದೆ. ಇಟ್ಟಿಗೆಯವನ ಹೆಸರನ್ನು ಆ ಪತ್ರಿಕೆ ಕೇಳಲೇ ಇಲ್ಲ.

ಈ ವಿದ್ಯೆ ನಮ್ಮಲ್ಲಿ ಅಷ್ಟು ಪಳಗಿದ್ದಾದರೂ ಏಕೆ? ಕೊಯ್ದ ಮೂಗುಗಳು ಅಷ್ಟಿದ್ದವು. ಶೂರ್ಪನಖಿಯಿಂದ ಹಿಡಿದು, ಶೀಲದ ಶಂಕೆಗೆ ಗಂಡ ಕುಡುಗೋಲು ಎತ್ತಿದ ಹೆಂಗಸರವರೆಗೆ. ಹೆಮ್ಮೆಪಡುವಾಗ ಅದನ್ನೂ ಸೇರಿಸಿಕೊಂಡೇ ಹೆಮ್ಮೆಪಡಬೇಕು ತಾನೆ?

ಮೂಗಿಗಾದರೆ ಹಣೆಯ ಚರ್ಮ ಸಾಕು. ಅರ್ಧ ಮೈ ಸುಟ್ಟವಳಿಗೆ ಎಲ್ಲಿಂದ ತೆಗೆಯುವುದು? ಚರ್ಮ ಹೋದ ಮೈಯಿಂದ ನೀರು ಸೋರುತ್ತದೆ, ನಂಜೇರುತ್ತದೆ. ಸತ್ತವರ ಚರ್ಮವನ್ನು ಹೊದಿಸಿದರೆ ಎರಡು ಮೂರು ವಾರ ಅದು ಮುಚ್ಚಳವಾಗಿ ನಿಲ್ಲುತ್ತದೆ, ನೋವೂ ತಗ್ಗುತ್ತದೆ. ಆಮೇಲೆ ದೇಹ ಅದನ್ನು ತಳ್ಳಿಹಾಕುತ್ತದೆ, ನಿಜ. ಅಷ್ಟರಲ್ಲಿ ಅವಳ ಮೈ ಚೇತರಿಸಿಕೊಂಡಿರುತ್ತದೆ, ಅವಳದೇ ಚರ್ಮ ತೆಗೆದು ಕಸಿ ಮಾಡಲು ಕಾಲ ಸಿಕ್ಕಿರುತ್ತದೆ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಗ್ಲಿಸರಿನ್ನಿನಲ್ಲಿ ತಣ್ಣಗಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲೇ ಚರ್ಮ ಬ್ಯಾಂಕು ಶುರುವಾಯಿತು. ಆದರೆ ಪ್ರಾಣ ಹೋದ ಆರು ತಾಸಿನೊಳಗೆ ಚರ್ಮ ತೆಗೆಯಬೇಕು. ಕಂಪ್ಲಿಯಿಂದ ಬೆಂಗಳೂರಿಗೆ 300 ಕಿಲೋಮೀಟರಿಗೂ ಮಿಗಿಲು. ತೆಗೆಯಬಲ್ಲ ಕೈಗಳು ಪ್ರತಿ ಜಿಲ್ಲೆಯಲ್ಲೂ ಇರಬೇಕು. ಸುಶ್ರುತನ ಪ್ರತಿಮೆಗೆ ಹಾರ ಹಾಕುವವರು ಇದನ್ನೇಕೆ ಕೇಳುವುದಿಲ್ಲ?

ಕೇಳಲು ನಾವೂ ಬಾಯಿ ಬಿಡಬೇಕಲ್ಲ! ಮಹಿಳಾ ಮಂಡಳಿಯಲ್ಲಿ ಈ ಮಾತೆತ್ತಿದ್ದಕ್ಕೆ ಹಿರಿಯರೊಬ್ಬರು, "ಹೆಣ ಸುಲಿಸ್ತೀಯೇನಮ್ಮ?" ಎಂದು ಎದ್ದೇ ಹೋದರು. 2006ರಲ್ಲಿ ರಾಜಕುಮಾರ್ ಕಣ್ಣು ಕೊಟ್ಟು ಹೋದರು. 2021ರಲ್ಲಿ ಪುನೀತ್ ಹೋದಾಗ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕಾಯಿತು. ಆ ದಿನ ಟಿ.ವಿ. ಮುಂದೆ ಅತ್ತವರೇ ಇವರೆಲ್ಲ. ಕಣ್ಣು ಪುಣ್ಯ, ಚರ್ಮ ಪಾಪವೆ? ತೆಗೆಯುವುದು ತೊಡೆ, ಕಾಲು, ಬೆನ್ನಿನ ಮೇಲಿನ ತೆಳು ಪದರವನ್ನು ಮಾತ್ರ. ಮುಖ ಮುಟ್ಟುವುದಿಲ್ಲ. ಬ್ಯಾಂಡೇಜು ಕಟ್ಟಿ ಕೊಡುತ್ತಾರೆ. ಸೀರೆ ಉಡಿಸಿದರೆ ಯಾರಿಗೂ ಕಾಣದು. ಒಂದೆರಡು ತಾಸಿಗೆ ಬೂದಿಯಾಗುವುದಕ್ಕೆ, ಮಣ್ಣಾಗುವುದಕ್ಕೆ ಇಷ್ಟೊಂದು ಕಾವಲೆ?

ನನ್ನ ಮಗನಿಗೆ ಹೇಳಿದ್ದೇನೆ. ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ಸೊಸೆ ಮಾತ್ರ ಒಲೆ ಸಣ್ಣ ಮಾಡಿ ಬಂದು, "ಎಷ್ಟು ತೆಗೀತಾರತ್ತೆ?" ಎಂದು ಕೇಳಿದಳು. ತೋರಿಸಿದೆ.

"ಅಷ್ಟೇನಾ?" ಎಂದಳು.